ಸೊನ್ನೆ ಬಿದ್ದ ದಿನಗಳ ಲೆಕ್ಕ

ವಾರ್ಷಿಕ ಔಷಧ ಬೇಡಿಕೆ ಪಟ್ಟಿ ಕಳಿಸಿ ಎಂದು ಮೇಲಿನಿಂದ ಸೂಚನೆ ಬಂದಾಗ ಹೆಚ್ಚಿನ ಕಡೆ ನಡೆಯುವುದು ಇಷ್ಟೆ: ಹೋದ ವರ್ಷದ ಪಟ್ಟಿ ತೆಗೆಯುವುದು, ಪ್ರತಿ ಅಂಕಿಗೂ ಹತ್ತು ಪರ್ಸೆಂಟ್ ಸೇರಿಸುವುದು, ವೈದ್ಯಾಧಿಕಾರಿಗಳ ಸಹಿ ಹಾಕಿಸಿ ಕಳಿಸುವುದು. ನೋಡುವುದಕ್ಕೆ ಸರಿಯಾಗಿಯೇ ಇದೆ. ಆದರೆ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಔಷಧ ವಿಭಾಗದಲ್ಲಿ ಕೆಲಸ ಮಾಡುವ ನಮಗೆ ಕಂಡಿರುವುದು ಬೇರೆ. ಬಿಪಿ, ಶುಗರ್ ಮಾತ್ರೆಗಳು ಆರ್ಥಿಕ ವರ್ಷದ ಕೊನೆಗೆ ಖಾಲಿಯಾಗುವುದರ ಬೇರು ಎಷ್ಟೋ ಸಲ ಈ ಪಟ್ಟಿಯಲ್ಲೇ ಇರುತ್ತದೆ, ಔಷಧಿ ಪೂರೈಸುವ ಉಗ್ರಾಣದಲ್ಲಿ ಅಲ್ಲ.

ಲೆಕ್ಕ ಹೀಗೆ. ಒಂದು ಕೇಂದ್ರದಲ್ಲಿ ಬಿಪಿಗೆ ಕೊಡುವ ಅಮ್ಲೋಡಿಪಿನ್ 5 ಮಿಲಿಗ್ರಾಂ ಮಾತ್ರೆ ವರ್ಷಕ್ಕೆ 48,000 ಖರ್ಚಾಗಿದೆ ಎಂದುಕೊಳ್ಳಿ. 12ರಿಂದ ಭಾಗಿಸಿದರೆ ತಿಂಗಳಿಗೆ 4,000. ಆದರೆ ಆ ವರ್ಷ ಎರಡು ತಿಂಗಳು ಕಪಾಟಿನಲ್ಲಿ ಒಂದು ಮಾತ್ರೆಯೂ ಇರಲಿಲ್ಲ. ಅಂದರೆ 48,000 ಮಾತ್ರೆ ಹೋದದ್ದು ಹತ್ತೇ ತಿಂಗಳಲ್ಲಿ. ನಿಜವಾದ ಬಳಕೆ ತಿಂಗಳಿಗೆ 4,800, ವರ್ಷಕ್ಕೆ 57,600. ಹಳೆಯ ಅಂಕಿಯನ್ನೇ ಕಳಿಸಿ 48,000 ತರಿಸಿಕೊಂಡರೆ ಅದು ಮತ್ತೆ ಹತ್ತು ತಿಂಗಳಿಗೇ ಮುಗಿಯುತ್ತದೆ. ಹತ್ತು ಪರ್ಸೆಂಟ್ ಸೇರಿಸಿದರೂ 52,800. ಹನ್ನೊಂದು ತಿಂಗಳು ಬರುತ್ತದೆ, ಹನ್ನೆರಡನೆಯದಕ್ಕೆ ಇಲ್ಲ. ಹೋದ ವರ್ಷದ ಕೊರತೆಯೇ ಈ ವರ್ಷದ ಬೇಡಿಕೆಯಾಗಿ ಮೇಲೆ ಹೋಗುತ್ತದೆ. ಉಗ್ರಾಣದವರು ಕೇಳಿದ್ದಷ್ಟನ್ನೂ ಕೊಟ್ಟರೂ ರೋಗಿ ಬರಿಗೈಯಲ್ಲಿ ಹೋಗುವುದು ತಪ್ಪುವುದಿಲ್ಲ.

ಆದ್ದರಿಂದ ದಾಸ್ತಾನು ವಹಿಯ ಪ್ರತಿ ಪುಟದಲ್ಲೂ, ಕೊನೆಯ ಮಾತ್ರೆ ಹೋದ ದಿನ ಮತ್ತು ಹೊಸ ದಾಸ್ತಾನು ಬಂದ ದಿನ, ಈ ಎರಡನ್ನು ಕೆಂಪು ಶಾಯಿಯಲ್ಲಿ ಬರೆದಿಡಬೇಕು. ವರ್ಷದ ಖರ್ಚನ್ನು ಮಾತ್ರೆ ಇದ್ದ ದಿನಗಳಿಂದ ಭಾಗಿಸಿ, 365ರಿಂದ ಗುಣಿಸಿದರೆ ನಿಜವಾದ ಬೇಡಿಕೆ ಸಿಗುತ್ತದೆ. ಆನ್‌ಲೈನ್ ದಾಸ್ತಾನಿನಲ್ಲಿ ಈ ದಿನಾಂಕಗಳು ತಾನಾಗಿಯೇ ಸಿಗುವುದಿಲ್ಲವೇ ಎಂದು ಕೇಳಬಹುದು. ಸಿಗುತ್ತವೆ, ಆದರೆ ನಂಬುವ ಹಾಗಿಲ್ಲ. ಸ್ಟೋರ್‌ನಿಂದ ಕೌಂಟರಿಗೆ ಅಥವಾ ಉಪಕೇಂದ್ರಕ್ಕೆ ಕೊಟ್ಟ ಕೂಡಲೇ ಅದು ಖರ್ಚು ಎಂದು ದಾಖಲಾಗುತ್ತದೆ. ಸ್ಟೋರಿನಲ್ಲಿ ಸೊನ್ನೆ ತೋರಿಸುತ್ತಿರುವಾಗ ಕೌಂಟರಿನ ಡ್ರಾಯರಿನಲ್ಲಿ ಇನ್ನೂ ಎರಡು ವಾರದ್ದು ಇರಬಹುದು. ಉಪಕೇಂದ್ರದ ಕಪಾಟಿನಲ್ಲಿ ಮೂರು ತಿಂಗಳದ್ದು ಸುಮ್ಮನೆ ಬಿದ್ದಿರಲೂಬಹುದು. ತಿಂಗಳಿಗೊಮ್ಮೆ ಉಪಕೇಂದ್ರ ನೋಡಿಕೊಳ್ಳುವ ಸಮುದಾಯ ಆರೋಗ್ಯ ಅಧಿಕಾರಿಗಳಿಂದ ಕೈಯಲ್ಲಿರುವ ದಾಸ್ತಾನಿನ ಲೆಕ್ಕ ತರಿಸಿಕೊಂಡು ಸೇರಿಸದಿದ್ದರೆ ಯಾವ ಸೂತ್ರವೂ ಸರಿಬರುವುದಿಲ್ಲ.

ಇದಕ್ಕಿಂತ ಕಣ್ಣಿಗೆ ಬೀಳದ ತಪ್ಪು ಇನ್ನೊಂದಿದೆ. ದಾಸ್ತಾನು ಇಳಿದಾಗ ಮೂವತ್ತು ದಿನದ ಬದಲು ಹತ್ತು ದಿನದ್ದು ಕೊಟ್ಟು ಕಳಿಸುವುದು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಸಿಗಲಿ ಎಂಬ ಒಳ್ಳೆಯ ಉದ್ದೇಶವೇ. ಆದರೆ ಎಸ್ಟೇಟ್ ಲೈನಿನಿಂದ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಿಂದ, ಬರುವವರಿಗೆ ಆಸ್ಪತ್ರೆಗೆ ಬರುವುದೆಂದರೆ ಒಂದು ದಿನದ ಕೂಲಿ ಹೋದ ಹಾಗೆ, ಮೇಲೆ ಬಸ್ ಚಾರ್ಜು. ತಿಂಗಳಿಗೆ ಮೂರು ಸಲ ಯಾರೂ ಬರುವುದಿಲ್ಲ. ಒಂದು ಸಲ ಬರುತ್ತಾರೆ, ಉಳಿದ ಇಪ್ಪತ್ತು ದಿನ ಮಾತ್ರೆ ಇಲ್ಲದೆ ಇರುತ್ತಾರೆ. ವಹಿಯಲ್ಲಿ ಆ ತಿಂಗಳು ಸೊನ್ನೆ ಬಿದ್ದಿರುವುದೂ ಇಲ್ಲ, ಖರ್ಚು ಮಾತ್ರ ಮೂರನೇ ಒಂದು ಭಾಗಕ್ಕೆ ಇಳಿದಿರುತ್ತದೆ. ಇಂಥ ತಿಂಗಳುಗಳನ್ನೂ ಗುರುತು ಮಾಡಿ ಸರಾಸರಿಯಿಂದ ಹೊರಗಿಡಬೇಕು.

ವಹಿಯ ಲೆಕ್ಕವನ್ನು ರೋಗಿಗಳ ಲೆಕ್ಕದ ಜೊತೆ ತಾಳೆ ನೋಡುವುದು ಮುಂದಿನ ಹೆಜ್ಜೆ. ನೋಂದಣಿಯಾದ ಎಲ್ಲರನ್ನೂ ಎಣಿಸಿದರೆ ಅಂಕಿ ಉಬ್ಬುತ್ತದೆ. ಹಿಂದಿನ ಮೂರು ತಿಂಗಳಲ್ಲಿ ಒಮ್ಮೆಯಾದರೂ ಬಂದವರನ್ನು ಮಾತ್ರ ಹಿಡಿಯಬೇಕು. ಮೆಟ್‌ಫಾರ್ಮಿನ್ 500 ಮಿಲಿಗ್ರಾಂ ಎಂಬ ಶುಗರ್ ಮಾತ್ರೆ ಬೆಳಿಗ್ಗೆ–ರಾತ್ರಿ ಒಂದೊಂದು ಎಂದರೆ ತಿಂಗಳಿಗೆ 60. ಅದೇ ರೋಗಿಗೆ ಡೋಸ್ ಏರಿಸಿ ಎರಡೆರಡು ಎಂದರೆ 120. ಅಮ್ಲೋಡಿಪಿನ್ 10 ಮಿಲಿಗ್ರಾಂ ಬರೆದರೆ ಐದರ ಮಾತ್ರೆ ಎರಡು ಹೋಗುತ್ತದೆ. ವೈದ್ಯರು ಬದಲಾದಾಗಲೂ ಲೆಕ್ಕ ಬದಲಾಗುತ್ತದೆ. ಒಬ್ಬರು ಅಮ್ಲೋಡಿಪಿನ್‌ನಿಂದ ಶುರು ಮಾಡಿದರೆ ಇನ್ನೊಬ್ಬರು ಬಿಪಿಗೇ ಕೊಡುವ ಟೆಲ್ಮಿಸಾರ್ಟಾನ್ ಇಷ್ಟಪಡುತ್ತಾರೆ. ಪಟ್ಟಿ ಹಾಕುವ ಮುಂಚೆ ಅರ್ಧ ಗಂಟೆ ಅವರ ಜೊತೆ ಕೂತು ಮಾತಾಡಿದರೆ, ವರ್ಷದ ಕೊನೆಗೆ ಒಂದು ಮಾತ್ರೆ ರಾಶಿ ಬಿದ್ದು ಇನ್ನೊಂದಕ್ಕೆ ಪರದಾಡುವುದು ತಪ್ಪುತ್ತದೆ.

ಇನ್ಸುಲಿನ್ ಲೆಕ್ಕದಲ್ಲಿ ತಪ್ಪುವವರೇ ಹೆಚ್ಚು. ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ 10 ಮಿಲಿಲೀಟರ್ ಸೀಸೆಯಲ್ಲಿ, ಅಂದರೆ ವಯಲ್‌ನಲ್ಲಿ ಒಟ್ಟು 400 ಯೂನಿಟ್. ಬೆಳಿಗ್ಗೆ 20, ರಾತ್ರಿ 10 ತೆಗೆದುಕೊಳ್ಳುವವರಿಗೆ ತಿಂಗಳಿಗೆ 900 ಯೂನಿಟ್, ಅಂದರೆ ಎರಡೂಕಾಲು ವಯಲ್. ಎರಡು ಕೊಟ್ಟರೆ ಇಪ್ಪತ್ತಾರು ದಿನಕ್ಕೆ ಮುಗಿಯುತ್ತದೆ. ದಿನಕ್ಕೆ 10 ಯೂನಿಟ್ ಮಾತ್ರ ತೆಗೆದುಕೊಳ್ಳುವವರಿಗೆ ಒಂದು ವಯಲ್ ನಲವತ್ತು ದಿನ ಬರಬೇಕು ಎಂದು ಲೆಕ್ಕ ಹಾಕುವುದೂ ತಪ್ಪೇ. ಚುಚ್ಚಿದ ವಯಲನ್ನು ಸಾಮಾನ್ಯವಾಗಿ ನಾಲ್ಕು ವಾರಕ್ಕಿಂತ ಹೆಚ್ಚು ಬಳಸುವ ಹಾಗಿಲ್ಲ. ಅವರಿಗೂ ತಿಂಗಳಿಗೊಂದು ಬೇಕು.

ಇನ್ನು ಕಾಲಮಾನ. ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ಬಯಲುಸೀಮೆಯ ಅಂಕಿಗಳನ್ನು ಶೃಂಗೇರಿ, ಕೊಪ್ಪ, ಕಳಸಕ್ಕೆ ಹೊಂದಿಸಲಾಗದು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜ್ವರ, ಕೆಮ್ಮು, ಉಬ್ಬಸ ಏರುತ್ತದೆ. ಪ್ಯಾರಾಸಿಟಮಾಲ್, ಸಾಲ್ಬುಟಮಾಲ್, ಓಆರ್‌ಎಸ್, ಡ್ರಿಪ್ ಬಾಟಲಿ ಮಾಮೂಲಿಗಿಂತ ಬೇಗ ಖಾಲಿಯಾಗುತ್ತವೆ. ಗದ್ದೆ ಕೆಲಸ ಶುರುವಾದ ಮೇಲೆ ಇಲಿಜ್ವರಕ್ಕೆ ಡಾಕ್ಸಿಸೈಕ್ಲಿನ್ ಬೇಕು. ನವೆಂಬರ್‌ನಿಂದ ಫೆಬ್ರವರಿ–ಮಾರ್ಚ್‌ವರೆಗೆ ಕಾಫಿ ಕೊಯ್ಲು. ಹೊರ ಜಿಲ್ಲೆ, ಹೊರ ರಾಜ್ಯಗಳ ಕೂಲಿ ಕಾರ್ಮಿಕರು ತೋಟಗಳಿಗೆ ಬರುತ್ತಾರೆ, ಅವರ ಜೊತೆ ಅವರ ಕಾಯಿಲೆಯೂ ಬರುತ್ತದೆ. ಅದೇ ಹೊತ್ತಿಗೆ ಮಂಗನ ಕಾಯಿಲೆಯ ಕಾಲವೂ ಶುರು. ಅದಕ್ಕೆ ನಿರ್ದಿಷ್ಟ ಔಷಧಿ ಇಲ್ಲ. ಕೈಗೆ ಬೇಕಾದದ್ದು ಡ್ರಿಪ್, ಪ್ಯಾರಾಸಿಟಮಾಲ್, ಮತ್ತು ಕಾಡಿಗೆ ಹೋಗುವವರಿಗೆ ಉಣುಗು ಕಚ್ಚದಂತೆ ಹಚ್ಚಿಕೊಳ್ಳಲು ಡೆಪಾ ತೈಲ. ತೈಲ ಜನವರಿಯ ಕೊನೆಗೆ ಬಂದರೆ ತಡವಾಯಿತು. ದರಗು (ಒಣ ಎಲೆ), ಸೌದೆ ತರಲು ಕಾಡಿಗೆ ಹೋಗುವವರು ಅಷ್ಟರಲ್ಲಿ ಹೋಗಿ ಬಂದಾಗಿರುತ್ತದೆ.

ಬೇಡಿಕೆ ಪಟ್ಟಿ ಎಷ್ಟೇ ಉದ್ದ ಇರಲಿ, ಯಾವತ್ತೂ ಸೊನ್ನೆ ಆಗಲೇಬಾರದು ಎನ್ನುವ ಔಷಧಿಗಳನ್ನು ಬೇರೆ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಬೇಕು. ಹಾವಿನ ವಿಷದ ಚುಚ್ಚುಮದ್ದು, ಅಡ್ರಿನಲಿನ್, ಅಟ್ರೋಪಿನ್, ಆಕ್ಸಿಟೋಸಿನ್, ಮೆಗ್ನೀಸಿಯಂ ಸಲ್ಫೇಟ್, ರೇಬೀಸ್ ಲಸಿಕೆ, ಇನ್ಸುಲಿನ್, ಮೂರ್ಛೆರೋಗದ ಮಾತ್ರೆಗಳು, ಕ್ಷಯದ ಮಾತ್ರೆಗಳು, ಹೃದಯಾಘಾತಕ್ಕೆ ಮೊದಲು ಕೊಡುವ ಆಸ್ಪಿರಿನ್. ವಿಟಮಿನ್ ಮಾತ್ರೆ ತಿಂಗಳು ಇಲ್ಲದಿದ್ದರೆ ಬೈಗುಳ ಸಿಗುತ್ತದೆ, ಅಷ್ಟೆ. ಮೂರ್ಛೆರೋಗದ ಫೆನಿಟಾಯಿನ್ ಮೂರು ದಿನ ತಪ್ಪಿದರೆ ರೋಗಿಗೆ ಫಿಟ್ಸ್ ಬರಬಹುದು. ಎರಡನ್ನೂ ಒಂದೇ ಪಟ್ಟಿಯಲ್ಲಿ ಅಕ್ಷರಮಾಲೆ ಕ್ರಮದಲ್ಲಿ ಇಟ್ಟುಕೊಂಡರೆ ಕಣ್ಣು ಹೋಗಬೇಕಾದ ಕಡೆ ಹೋಗುವುದಿಲ್ಲ. ಗೋಡೆಯ ಹಾಳೆಯಲ್ಲಿ ಪ್ರತಿ ಹೆಸರಿನ ಮುಂದೆ ಒಂದು ಅಂಕಿ ಇರಬೇಕು: ಇಷ್ಟಕ್ಕೆ ಇಳಿದ ದಿನವೇ ಇಂಡೆಂಟ್ (ಉಗ್ರಾಣಕ್ಕೆ ಕಳಿಸುವ ಬೇಡಿಕೆ ಪತ್ರ) ಹಾಕತಕ್ಕದ್ದು. ಆ ಅಂಕಿ ಎಂದರೆ ತಿಂಗಳ ನಿಜವಾದ ಬಳಕೆಯನ್ನು, ಇಂಡೆಂಟ್ ಹಾಕಿದ ಮೇಲೆ ಔಷಧಿ ಕೈಗೆ ಬರಲು ಹಿಡಿಯುವ ತಿಂಗಳುಗಳಿಂದ ಗುಣಿಸಿ, ಜೊತೆಗೆ ಒಂದು ತಿಂಗಳದ್ದು ಸೇರಿಸಿದ್ದು. ಬಳಕೆ 4,800, ಬರಲು ಒಂದೂವರೆ ತಿಂಗಳು ಎಂದಾದರೆ 12,000. ಕಪಾಟು ತುಂಬಿದೆ ಎಂದು ಕಾಣುವಾಗಲೇ ಇಂಡೆಂಟ್ ಹಾಕಬೇಕಾಗುತ್ತದೆ. ಕೆಲವರಿಗೆ ಇದು ಒಪ್ಪಿಗೆಯಾಗುವುದಿಲ್ಲ.

ಬರಲು ಯಾಕೆ ತಡ ಎಂಬುದು ಗೊತ್ತಿದ್ದರೆ ಕಾಯುವುದೂ ಸುಲಭ, ಬೇಗ ಕೇಳುವುದೂ ಸುಲಭ. ಸರ್ಕಾರಿ ಆಸ್ಪತ್ರೆಗಳಿಗೆ ಔಷಧಿ ಖರೀದಿಸುವುದು ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಟೆಂಡರ್ ಮುಗಿದು ಔಷಧಿ ಉಗ್ರಾಣಕ್ಕೆ ಬಂದ ಮೇಲೂ ಪ್ರತಿ ಬ್ಯಾಚ್‌ನ ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ. ವರದಿ ಬರುವ ತನಕ ಅದನ್ನು ಕೊಡುವ ಹಾಗಿಲ್ಲ. ಡ್ರಿಪ್, ಇಂಜೆಕ್ಷನ್‌ಗಳ ಕ್ರಿಮಿರಹಿತತೆ ಪರೀಕ್ಷೆಗೇ ಕನಿಷ್ಠ 14 ದಿನ ಬೇಕು, ಏಕೆಂದರೆ ಅಷ್ಟು ದಿನ ಅದನ್ನು ಬೆಚ್ಚಗಿಟ್ಟು ಏನಾದರೂ ಬೆಳೆಯುತ್ತದೆಯೇ ಎಂದು ನೋಡಬೇಕು. ಮಾತ್ರೆಗಿಂತ ಡ್ರಿಪ್ ತಡವಾಗುವುದಕ್ಕೆ ಇದೂ ಒಂದು ಕಾರಣ. ಉಗ್ರಾಣದಲ್ಲಿ ಬಾಕ್ಸ್‌ಗಳು ಕಣ್ಣೆದುರೇ ಇವೆ, ಆದರೂ ಕೊಡುತ್ತಿಲ್ಲ ಎಂದು ಸಿಟ್ಟಾಗುವವರು ಇದನ್ನು ನೆನಪಿಡಬೇಕು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರ ಸಾವಿನ ನಂತರ ರಿಂಗರ್ ಲ್ಯಾಕ್ಟೇಟ್ (ಆರ್‌ಎಲ್) ಡ್ರಿಪ್ ಮೇಲೆ ಅನುಮಾನ ಬಂದು ಬಳಕೆ ತಡೆಹಿಡಿಯಲಾಯಿತು. ಅಂಥ ಸೂಚನೆ ಬಂದಾಗ, ಯಾವ ಬ್ಯಾಚ್ ಯಾವ ವಾರ್ಡಿಗೆ, ಯಾವ ಉಪಕೇಂದ್ರಕ್ಕೆ ಹೋಗಿದೆ ಎಂದು ವಹಿ ನೋಡಿ ಅರ್ಧ ಗಂಟೆಯಲ್ಲಿ ಹೇಳಲು ಬರಬೇಕು. ಬ್ಯಾಚ್ ನಂಬರ್ ಬರೆಯದೆ ಬರೀ ‘ಆರ್‌ಎಲ್ 48 ಬಾಟಲಿ’ ಎಂದು ಕೊಟ್ಟಿದ್ದರೆ ಎಲ್ಲ ಕಡೆಯ ಎಲ್ಲ ಬಾಟಲಿಯನ್ನೂ ಬದಿಗಿಡಬೇಕಾಗುತ್ತದೆ, ಆಗ ಒಳ್ಳೆಯದಕ್ಕೂ ಬರ.

ಔಷಧಿ ಇಳಿಸಿಕೊಳ್ಳುವಾಗ ಅವಸರ ಮಾಡಬಾರದು. ಗಾಡಿಯವರಿಗೆ ಕತ್ತಲಾಗುವುದರೊಳಗೆ ಘಾಟಿ ಇಳಿಯಬೇಕಿರುತ್ತದೆ, ನಮಗೆ ಓಪಿಡಿಯಲ್ಲಿ ಸಾಲು ನಿಂತಿರುತ್ತದೆ. ಆದರೂ ಮೂರು ವಿಷಯ ನೋಡದೆ ಸಹಿ ಹಾಕಬಾರದು: ಎಣಿಕೆ, ಬ್ಯಾಚ್ ನಂಬರ್, ಎಕ್ಸ್‌ಪೈರಿ. ಎಣಿಕೆಯಲ್ಲಿ ಆಗುವ ಎಡವಟ್ಟು ಹೆಚ್ಚಾಗಿ ಘಟಕದ್ದು. ನಾವು 500 ಎಂದು ಬರೆದದ್ದು ಸ್ಟ್ರಿಪ್ ಲೆಕ್ಕದಲ್ಲಿ, ಅಲ್ಲಿ ಕೊಟ್ಟದ್ದು ಮಾತ್ರೆ ಲೆಕ್ಕದಲ್ಲಿ. ಐದು ಸಾವಿರದ ಜಾಗದಲ್ಲಿ ಐನೂರು ಬರುತ್ತದೆ. ಒಂದು ಕಂಪನಿಯ ಸ್ಟ್ರಿಪ್‌ನಲ್ಲಿ ಹತ್ತು, ಇನ್ನೊಂದರಲ್ಲಿ ಹದಿನೈದು ಇರುವುದರಿಂದ ಇಂಡೆಂಟ್‌ನಲ್ಲೂ ವಹಿಯಲ್ಲೂ ಮಾತ್ರೆಯ ಸಂಖ್ಯೆಯನ್ನೇ ಬರೆಯುವುದು ಕ್ಷೇಮ. ಎಕ್ಸ್‌ಪೈರಿ 08/2026 ಎಂದಿದ್ದರೆ ಆಗಸ್ಟ್ ಕೊನೆಯ ದಿನದವರೆಗೂ ಕೊಡಬಹುದು. ಜುಲೈ 31ಕ್ಕೇ ತೆಗೆದಿಡುವವರೂ ಇದ್ದಾರೆ, ಅದು ನಷ್ಟ. ಬಾಕ್ಸ್ ಮೇಲೆ ದಪ್ಪ ಮಾರ್ಕರ್‌ನಲ್ಲಿ ತಿಂಗಳು–ವರ್ಷ ಬರೆದು, ಬೇಗ ಮುಗಿಯುವುದು ಮುಂದೆ, ತಡವಾಗಿ ಮುಗಿಯುವುದು ಹಿಂದೆ ಬರುವಂತೆ ಜೋಡಿಸಬೇಕು. ಮೊದಲು ಬಂದದ್ದು ಮೊದಲು ಹೋಗಲಿ ಎನ್ನುವುದು ಅಕ್ಕಿ ಅಂಗಡಿಗೆ ಸರಿ; ಔಷಧದಲ್ಲಿ ಆಮೇಲೆ ಬಂದ ಬಾಕ್ಸ್‌ನ ಎಕ್ಸ್‌ಪೈರಿಯೇ ಹತ್ತಿರ ಇರುವುದುಂಟು.

ಮಲೆನಾಡಿನ ಸ್ಟೋರ್‌ಗೆ ಮಳೆಯೇ ದೊಡ್ಡ ಶತ್ರು. ಬಿಸಿಲಿನಲ್ಲಿ ಔಷಧಿ ಕೆಡುವುದನ್ನು ಎಲ್ಲರೂ ಹೇಳುತ್ತಾರೆ, ನಮ್ಮಲ್ಲಿ ಕೆಡಿಸುವುದು ತೇವ. ಜುಲೈನಲ್ಲಿ ಕ್ಯಾಪ್ಸೂಲ್ ಮೆತ್ತಗಾಗಿ ಒಂದಕ್ಕೊಂದು ಅಂಟುತ್ತದೆ, ಓಆರ್‌ಎಸ್ ಪೊಟ್ಟಣ ಗಟ್ಟಿ ಉಂಡೆಯಾಗುತ್ತದೆ, ಆಸ್ಪಿರಿನ್ ಡಬ್ಬಿ ತೆರೆದರೆ ವಿನೆಗರ್ ವಾಸನೆ ಬರುತ್ತದೆ. ವಾಸನೆ ಬಂದ ಆಸ್ಪಿರಿನ್ ಒಡೆದು ಹಾಳಾಗಿದೆ ಎಂದೇ ಅರ್ಥ, ಎಕ್ಸ್‌ಪೈರಿ ಏನೇ ಬರೆದಿರಲಿ. ಬಾಕ್ಸ್‌ಗಳು ನೆಲದಿಂದ ಕನಿಷ್ಠ 10 ಸೆಂಟಿಮೀಟರ್ ಮೇಲೆ, ಗೋಡೆಯಿಂದ 30 ಸೆಂಟಿಮೀಟರ್ ದೂರ ಇರಬೇಕು. ಗೋಡೆಗೆ ತಾಗಿದ ಬಾಕ್ಸ್‌ನ ಹಿಂಬದಿ ಒದ್ದೆಯಾಗಿ ಬೂಸ್ಟು ಹಿಡಿದಿರುವುದು ಮಳೆ ಮುಗಿಯುವ ತನಕ ಯಾರಿಗೂ ಗೊತ್ತಾಗುವುದಿಲ್ಲ. ಅಡಿಕೆ ದಬ್ಬೆಯ ಅಟ್ಟಣೆ ಅಗ್ಗ, ಆದರೆ ಗೆದ್ದಲು ಹಿಡಿಯುತ್ತದೆ. ಕಬ್ಬಿಣದ ಸ್ಟ್ಯಾಂಡ್ ಅಥವಾ ಪ್ಲಾಸ್ಟಿಕ್ ಪ್ಯಾಲೆಟ್ ಮೇಲು. ಸಾವಿರ ಮಾತ್ರೆಯ ಡಬ್ಬಿಯನ್ನು ಮಳೆಗಾಲದಲ್ಲಿ ಒಂದು ಮುಗಿಯದೆ ಇನ್ನೊಂದನ್ನು ತೆರೆಯಬಾರದು, ಒಳಗಿರುವ, ತೇವ ಹೀರುವ ಸಿಲಿಕಾ ಪೊಟ್ಟಣವನ್ನು ಎಸೆಯಬಾರದು. ಸಿರಪ್ ಬಾಟಲಿಯ ಮುಚ್ಚಳವನ್ನು ಇಲಿ ಕಡಿಯುತ್ತದೆ, ಸಿಹಿ ಇರುವುದಕ್ಕೆ. ಅವನ್ನು ಬಾಗಿಲಿರುವ ಕಪಾಟಿಗೇ ಹಾಕಬೇಕು.

ಫ್ರಿಜ್ ವಿಷಯ. ಲಸಿಕೆಗೆ ಐಎಲ್‌ಆರ್ ಎಂಬ ವಿಶೇಷ ಫ್ರಿಜ್ ಬೇರೆ ಇರುತ್ತದೆ, ಅದಕ್ಕೆ ಅದರದೇ ನಿಯಮ. ಇನ್ಸುಲಿನ್, ಆಕ್ಸಿಟೋಸಿನ್ ಇರುವುದು ಹೆಚ್ಚಾಗಿ ಮನೆಬಳಕೆಯ ಫ್ರಿಜ್‌ನಲ್ಲಿ. 2ರಿಂದ 8 ಡಿಗ್ರಿ ಇರಬೇಕು ಎನ್ನುವುದು ಎಲ್ಲರಿಗೂ ಬಾಯಿಪಾಠ. ಎಲ್ಲಿ ಇಟ್ಟರೆ ಎಷ್ಟಿರುತ್ತದೆ ಎಂದು ನೋಡಿದವರು ಕಡಿಮೆ. ಫ್ರೀಜರ್ ಪೆಟ್ಟಿಗೆಗೆ ತಾಗಿದ ಮೇಲಿನ ತಟ್ಟೆಯಲ್ಲಿ ಇನ್ಸುಲಿನ್ ಹೆಪ್ಪುಗಟ್ಟುತ್ತದೆ, ಬಾಗಿಲ ಅರೆಯಲ್ಲಿ ಪ್ರತಿ ಸಲ ತೆರೆದಾಗಲೂ ಬಿಸಿಯಾಗುತ್ತದೆ. ನಡುವಿನ ತಟ್ಟೆಯೇ ಸರಿ. ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡುವುದಕ್ಕೆ ಚೆನ್ನಾಗಿಯೇ ಇರಬಹುದು, ಆದರೂ ಬಿಸಾಡಬೇಕು. ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆಂದು ಹೇಳಲಾಗದು. ಜೂನ್ ಮೊದಲೇ ಫ್ರೀಜರ್‌ನಲ್ಲಿ ಐಸ್ ಪ್ಯಾಕ್, ಕೆಳಗಿನ ತರಕಾರಿ ಡಬ್ಬದಲ್ಲಿ ನೀರು ತುಂಬಿದ ಬಾಟಲಿಗಳನ್ನು ತುಂಬಿಟ್ಟರೆ ಬಾಗಿಲು ತೆರೆಯದೆ ಇದ್ದಷ್ಟು ಹೊತ್ತು ತಂಪು ನಿಲ್ಲುತ್ತದೆ. ಹೆರಿಗೆ ಕೋಣೆಯ ಟ್ರೇಯಲ್ಲಿ ಆಕ್ಸಿಟೋಸಿನ್ ಆಂಪೂಲ್‌ಗಳನ್ನು ಬೆಳಿಗ್ಗೆಯೇ ಜೋಡಿಸಿಡುವ ಪದ್ಧತಿ ಬಿಡಬೇಕು. ಹೆರಿಗೆ ಆದ ಕೂಡಲೇ ಕೊಡಬೇಕಾದ 10 ಯೂನಿಟ್‌ಗೆ, 5 ಯೂನಿಟ್‌ನ ಆಂಪೂಲ್ ಎರಡು, ಹೊತ್ತಿಗೆ ಸರಿಯಾಗಿ ಫ್ರಿಜ್‌ನಿಂದ ತೆಗೆದರೆ ಸಾಕು. ಬಲ ಕಳೆದುಕೊಂಡ ಆಕ್ಸಿಟೋಸಿನ್ ಕೊಟ್ಟು ರಕ್ತಸ್ರಾವ ನಿಲ್ಲದಿದ್ದರೆ ಔಷಧಿ ಇತ್ತು ಎನ್ನುವ ಮಾತಿಗೆ ಅರ್ಥವಿಲ್ಲ.

ಔಷಧಿ ಇದ್ದರೂ ಕೊಡಲಾಗದ ಸ್ಥಿತಿ ಬರುವುದು ಜೊತೆ ಸಾಮಾನಿನಿಂದ. ಇದನ್ನು ಯಾವ ಪಟ್ಟಿಯೂ ಹೇಳಿಕೊಡುವುದಿಲ್ಲ. ಹಾವಿನ ಕಡಿತವನ್ನೇ ತೆಗೆದುಕೊಳ್ಳಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆಯೆಂದು ಘೋಷಿಸಿದ್ದಾರೆ. ವಿಷ ಏರಿದ ಲಕ್ಷಣ ಕಂಡರೆ ವಿಷನಿರೋಧಕ ಚುಚ್ಚುಮದ್ದನ್ನು ಸಾಮಾನ್ಯವಾಗಿ 10 ವಯಲ್‌ನಿಂದ ಆರಂಭ. ಪುಡಿ ರೂಪದ ಪ್ರತಿ ವಯಲ್‌ಗೆ 10 ಮಿಲಿಲೀಟರ್ ಸ್ಟೆರೈಲ್ ವಾಟರ್ ಬೇಕು. ಕೇಂದ್ರದಲ್ಲಿ ಆರು ವಯಲ್ ಇದ್ದರೆ ಇದ್ದ ಹಾಗೂ ಅಲ್ಲ, ಇಲ್ಲದ ಹಾಗೂ ಅಲ್ಲ. ಹತ್ತಕ್ಕಿಂತ ಕೆಳಗೆ ಇಳಿಯಲು ಬಿಡಬಾರದು. ಔಷಧಿಗೆ ಅಲರ್ಜಿ ಬಂದರೆ ಅಡ್ರಿನಲಿನ್ ಪಕ್ಕದಲ್ಲೇ ಇರಬೇಕು, ಬಣ್ಣ ಬದಲಾದ ಆಂಪೂಲ್ ಇದ್ದರೆ ಬದಲಿಸಿರಬೇಕು. ರಕ್ತ ಹೆಪ್ಪುಗಟ್ಟುತ್ತದೆಯೇ ಎಂದು ಇಪ್ಪತ್ತು ನಿಮಿಷದ ಪರೀಕ್ಷೆ ಮಾಡಲು ಬೇಕಾದದ್ದು ಒಂದು ಗಾಜಿನ ಟೆಸ್ಟ್ ಟ್ಯೂಬ್, ಹೊಸದು, ಒಣಗಿದ್ದು. ಕೆಲವೇ ರೂಪಾಯಿಯ ಸಾಮಾನು, ಆದ್ದರಿಂದಲೇ ಯಾರ ಇಂಡೆಂಟ್‌ನಲ್ಲೂ ಇರುವುದಿಲ್ಲ. ಪ್ಲಾಸ್ಟಿಕ್ ಟ್ಯೂಬ್ ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಹಳೆಯ ಟ್ಯೂಬ್ ಬಳಸಿದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ವಿಷ ಏರಿದೆ ಎಂದು ತಿಳಿದು ಬೇಡದವರಿಗೆ ಹತ್ತು ವಯಲ್ ಹೋಗುತ್ತದೆ. ಈ ಚುಚ್ಚುಮದ್ದು ಕೆಲಸ ಮಾಡುವುದು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ. ಕಾಫಿ ತೋಟದಲ್ಲಿ ಕಚ್ಚುವ ಗುಳಿಮಂಡಲ ಜಾತಿಯ ಹಾವುಗಳಿಗೆ, ಕಾಳಿಂಗಕ್ಕೆ ಇದು ತಕ್ಕ ಮದ್ದಲ್ಲ. ಹಾಗಾಗಿ ಎಷ್ಟು ಜನಕ್ಕೆ ಹಾವು ಕಚ್ಚಿತು ಎಂಬ ಸಂಖ್ಯೆಯಿಂದ ವಯಲ್ ಲೆಕ್ಕ ಹಾಕಬಾರದು, ಎಷ್ಟು ಜನಕ್ಕೆ ನಿಜವಾಗಿ ಕೊಡಬೇಕಾಯಿತು ಎಂಬುದರಿಂದ ಹಾಕಬೇಕು.

ಇನ್ಸುಲಿನ್ ಸಿರಿಂಜ್ ಎಲ್ಲಿ ಮಾಯವಾಗುತ್ತದೆ ಎಂಬುದು ಇಂಥದೇ ಇನ್ನೊಂದು. ರೇಬೀಸ್ ಲಸಿಕೆಯನ್ನು ಚರ್ಮದೊಳಗೆ ಕೊಡುವಾಗ ಒಂದು ಭೇಟಿಗೆ ಎರಡು ಕಡೆ 0.1 ಮಿಲಿಲೀಟರ್, 0, 3, 7, 28ನೇ ದಿನ, ಒಟ್ಟು ನಾಲ್ಕು ಭೇಟಿ. ಅದನ್ನು ಕೊಡುವುದು ಇನ್ಸುಲಿನ್ ಸಿರಿಂಜ್‌ನಲ್ಲೇ, 40 ಯೂನಿಟ್‌ನ ಸಿರಿಂಜ್‌ನಲ್ಲಿ ನಾಲ್ಕನೇ ಗೆರೆಯವರೆಗೆ. ನಾಯಿ ಕಡಿತ ಹೆಚ್ಚಾದ ತಿಂಗಳು ಶುಗರ್ ರೋಗಿಗಳಿಗೆ ಸಿರಿಂಜ್ ಸಾಲುವುದಿಲ್ಲ. ಹೊರಗೆ ಮೆಡಿಕಲ್ ಶಾಪಿನಲ್ಲಿ ಕೊಂಡರೆ 100 ಯೂನಿಟ್‌ನ ಸಿರಿಂಜ್ ಸಿಕ್ಕಿಬಿಡಬಹುದು, ಅದರ ಗೆರೆ ನೋಡಿ ನಮ್ಮ 40ರ ವಯಲ್‌ನಿಂದ ಎಳೆದುಕೊಂಡರೆ ಬೇಕಾದ್ದರ ಅರ್ಧಕ್ಕಿಂತ ಕಡಿಮೆ ಇನ್ಸುಲಿನ್ ಹೋಗುತ್ತದೆ. ಎರಡಕ್ಕೂ ಸೇರಿಸಿ ಸಿರಿಂಜ್ ಇಂಡೆಂಟ್ ಹಾಕುವುದೇ ದಾರಿ. ಲಸಿಕೆಯಲ್ಲೂ ನಿಖರ ಭಾಗಾಕಾರ ನಡೆಯುವುದಿಲ್ಲ: 1 ಮಿಲಿಲೀಟರ್ ವಯಲ್ ಐದು ಜನಕ್ಕೆ ಸಾಕು ಎನ್ನುವುದು ಕಾಗದದ ಲೆಕ್ಕ. ಕಲಸಿದ ವಯಲ್ ಕೆಲವೇ ಗಂಟೆ ಬಾಳುತ್ತದೆ, ಸಣ್ಣ ಕೇಂದ್ರಕ್ಕೆ ಆ ದಿನ ಬರುವವರು ಇಬ್ಬರೇ ಇರಬಹುದು. ಉಳಿದದ್ದು ಚೆಲ್ಲಬೇಕಾಗುತ್ತದೆ ಎಂದು ಮೊದಲ ದಿನದ ಡೋಸನ್ನು ನಾಳೆಗೆ ಹಾಕುವುದಂತೂ ಸಲ್ಲದು.

ಕ್ಷಯದ ಔಷಧ ಬೇರೆ ದಾರಿಯಲ್ಲಿ, ಜಿಲ್ಲಾ ಕ್ಷಯ ನಿಯಂತ್ರಣ ಕೇಂದ್ರದ ಮೂಲಕ ಬರುತ್ತದೆ. ಚಿಕಿತ್ಸೆಯ ಮೊದಲ ಹಂತಕ್ಕೆ 56 ಡೋಸ್, ಎರಡನೆಯದಕ್ಕೆ 112. ಎಷ್ಟು ಮಾತ್ರೆ ಎಂಬುದು ತೂಕದ ಮೇಲೆ: 50ರಿಂದ 64 ಕಿಲೋ ಇರುವವರಿಗೆ ದಿನಕ್ಕೆ ನಾಲ್ಕು, 35ರಿಂದ 49 ಇರುವವರಿಗೆ ಮೂರು. ನಾಲ್ಕರ ಲೆಕ್ಕದಲ್ಲಿ ಮೊದಲ ಹಂತಕ್ಕೆ 224 ಮಾತ್ರೆ. ಚಿಕಿತ್ಸೆ ಶುರುವಾದ ದಿನವೇ ಆ ರೋಗಿಯ ಹೆಸರಿನಲ್ಲಿ ಪೂರ್ತಿ ಎತ್ತಿಟ್ಟರೆ ನಡುವೆ ಕೈಕೊಡುವುದಿಲ್ಲ. 2024ರ ಆರಂಭದಲ್ಲಿ ದೇಶದ ಹಲವೆಡೆ ಈ ಮಾತ್ರೆಗಳ ಕೊರತೆ ಬಂದು, ರಾಜ್ಯಗಳು ಸ್ಥಳೀಯವಾಗಿ ಕೊಳ್ಳುವಂತೆ ಕೇಂದ್ರ ಸೂಚಿಸಬೇಕಾಯಿತು. ಹಾಗೆ ಎತ್ತಿಟ್ಟ ಕಡೆ ಹಳೆಯ ರೋಗಿಗಳಿಗೆ ತೊಂದರೆ ಕಡಿಮೆ. ಕೊಯ್ಲು ಮುಗಿಸಿ ಊರಿಗೆ ಹೊರಡುವ ಕಾರ್ಮಿಕರಿಗೆ ದಾರಿಯ ದಿನಗಳಿಗೂ ಸೇರಿಸಿ ಮಾತ್ರೆ ಕೊಟ್ಟು, ನಿಕ್ಷಯ್‌ನಲ್ಲಿ (ಕ್ಷಯ ರೋಗಿಗಳ ಆನ್‌ಲೈನ್ ದಾಖಲೆ) ಅವರ ಜಿಲ್ಲೆಗೆ ವರ್ಗಾಯಿಸಿ, ಅಲ್ಲಿಯವರಿಗೆ ಒಂದು ಫೋನನ್ನೂ ಮಾಡಬೇಕು. ಬರೀ ವರ್ಗಾಯಿಸಿ ಬಿಟ್ಟರೆ ಎರಡು ಕಡೆಯವರೂ ಇನ್ನೊಬ್ಬರು ಕೊಡುತ್ತಿದ್ದಾರೆ ಎಂದುಕೊಳ್ಳುತ್ತಾರೆ.

ಉಗ್ರಾಣದಲ್ಲೇ ಇಲ್ಲದಾಗ ಸ್ಥಳೀಯ ಖರೀದಿ. ದಾಸ್ತಾನು ಇಲ್ಲ ಎಂದು ಉಗ್ರಾಣದಿಂದ ಬರಹದಲ್ಲಿ ಪಡೆದು, ದರಪಟ್ಟಿ ತರಿಸಿ, ವೈದ್ಯಾಧಿಕಾರಿಗಳ ಅನುಮೋದನೆಯೊಂದಿಗೆ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಕೊಳ್ಳುವುದು. ಇದಕ್ಕೆ ಹಿಡಿಯುವ ದಿನಗಳನ್ನೂ ಮೊದಲೇ ಎಣಿಸಿಕೊಂಡಿರಬೇಕು. ಸೊನ್ನೆ ಆದ ಮೇಲೆ ಕಾಗದ ಓಡಾಡಿಸುವುದಲ್ಲ. ಬಿಲ್‌ನಲ್ಲಿ ಬ್ಯಾಚ್ ನಂಬರ್, ಎಕ್ಸ್‌ಪೈರಿ ಇಲ್ಲದಿದ್ದರೆ ತೆಗೆದುಕೊಳ್ಳಬಾರದು. ಅದಕ್ಕೂ ಮೊದಲು ಪಕ್ಕದ ಕೇಂದ್ರಗಳಿಗೆ ಕೇಳಿ ನೋಡಬೇಕು. ನಮ್ಮಲ್ಲಿ ಇಲ್ಲದ ಮಾತ್ರೆ ಎಷ್ಟೋ ಸಲ ಹದಿನೈದು ಕಿಲೋಮೀಟರ್ ಆಚೆ ಎಕ್ಸ್‌ಪೈರಿಗೆ ಹತ್ತಿರವಾಗಿ ಕೂತಿರುತ್ತದೆ.

ಮಳೆಗಾಲಕ್ಕೆ ಸೌದೆ ಕೂಡಿಡುವ ಊರಿನವರಿಗೆ ಮೇ ತಿಂಗಳ ಕೆಲಸವನ್ನು ವಿವರಿಸಬೇಕಾಗಿಲ್ಲ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿತ್ತು. ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗಿದರೆ ಕಳಸ–ಹೊರನಾಡಿನ ದಾರಿ ಕಡಿಯುತ್ತದೆ. ಮೇ ಕೊನೆಯೊಳಗೆ ಮೂರು ತಿಂಗಳ ದಾಸ್ತಾನು ಒಳಗಿರಬೇಕು, ಹಳ್ಳ ದಾಟಿ ಬರಬೇಕಾದ ಮನೆಗಳವರಿಗೆ ಜೂನ್‌ನಲ್ಲಿ ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಬೇಕು. ಫ್ರಿಜ್ ಇಲ್ಲದ ಮನೆಗೆ ಇನ್ಸುಲಿನ್ ಕೊಡುವಾಗ, ಒದ್ದೆ ಮರಳಿನಲ್ಲಿಟ್ಟ ಮಣ್ಣಿನ ಮಡಕೆಯೊಳಗೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಲು ಹೇಳುತ್ತೇವೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆಂದು ಮಾತ್ರೆಯನ್ನೂ ಇನ್ಸುಲಿನ್ನನ್ನೂ ಅಲ್ಲೇ ಇಡುವವರಿದ್ದಾರೆ, ಅದು ಬೇಡ ಎಂದು ಬಿಡಿಸಿ ಹೇಳಬೇಕು.

ಕೊನೆಯ ಮೂರಡಿ ಎಂದರೆ ಕೌಂಟರ್ ಕಿಟಕಿ. ಸ್ಟ್ರಿಪ್ ಕತ್ತರಿಸುವಾಗ ಬ್ಯಾಚ್, ಎಕ್ಸ್‌ಪೈರಿ ಅಚ್ಚಾದ ತುದಿ ಕೊನೆಗೆ ಉಳಿಯುವಂತೆ ಎದುರು ತುದಿಯಿಂದ ಕತ್ತರಿಸಬೇಕು, ಇಲ್ಲದಿದ್ದರೆ ನಮ್ಮ ಕೈಯಲ್ಲಿ ಉಳಿದ ನಾಲ್ಕು ಮಾತ್ರೆ ಯಾವುದೆಂದು ನಮಗೇ ತಿಳಿಯುವುದಿಲ್ಲ. ದೊಡ್ಡ ತೊಡಕು ಟೆಂಡರ್ ಬದಲಾದಾಗ ಬರುತ್ತದೆ, ಏಕೆಂದರೆ ಮಾತ್ರೆಯ ಬಣ್ಣವೂ ಗಾತ್ರವೂ ಬದಲಾಗುತ್ತದೆ.

“ಇದು ನಂದಲ್ಲ ಮಾರಾಯ್ರೆ, ನಂದು ಬಿಳೀದು.”

“ಅಜ್ಜಿ, ಅದೇ ಮಾತ್ರೆ. ಕಂಪನಿ ಬೇರೆ ಅಷ್ಟೆ.”

“ಹಂಗಾರೆ ಮನೇಲಿ ಬಿಳೀದು ಇನ್ನೂ ಉಂಟಲ್ಲ, ಎಂತ ಮಾಡೂದು?”

ಈ ಪ್ರಶ್ನೆ ಕೇಳಿದವರು ಪುಣ್ಯವಂತರು. ಕೇಳದವರು ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನುಂಗಿ ತಲೆ ಸುತ್ತಿ ಬೀಳುತ್ತಾರೆ, ಇಲ್ಲವೇ ಹೊಸದನ್ನು ಮುಟ್ಟುವುದೇ ಇಲ್ಲ. ಬಣ್ಣ ಬದಲಾದ ತಿಂಗಳು ಪ್ರತಿಯೊಬ್ಬರಿಗೂ ಹಳೆಯ ಸ್ಟ್ರಿಪ್ ತರಲು ಹೇಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿ, ಹಳೆಯದು ಮುಗಿದ ಮೇಲೆ ಹೊಸದು ಎಂದು ಕವರಿನ ಮೇಲೆ ಬರೆಯಬೇಕು. ಓದು ಬಾರದವರಿಗೆ ಸೂರ್ಯ, ಚಂದ್ರನ ಚಿತ್ರ ಸಾಕು. ಗಂಡ–ಹೆಂಡತಿ ಇಬ್ಬರಿಗೂ ಮಾತ್ರೆ ಇದ್ದರೆ ಒಬ್ಬರ ಕವರಿಗೆ ಕೆಂಪು ಗೆರೆ.

ತಿಂಗಳ ಕೊನೆಗೆ, ಬರಬೇಕಾಗಿದ್ದು ಬಾರದವರ ಹೆಸರುಗಳನ್ನು ಹಳ್ಳಿವಾರು ಬರೆದು ಆಶಾ ಕಾರ್ಯಕರ್ತೆಯರಿಗೆ ಕೊಡುತ್ತೇವೆ. ಕೊಯ್ಲಿನ ತಿಂಗಳುಗಳಲ್ಲಿ ಈ ಪಟ್ಟಿ ಉದ್ದವಾಗುತ್ತದೆ. ಕೂಲಿ ಸಿಗುವ ದಿನ ಯಾರೂ ಆಸ್ಪತ್ರೆಗೆ ಬರುವುದಿಲ್ಲ. ಅಂಥವರ ಮಾತ್ರೆಯನ್ನು ಹೆಸರು ಬರೆದು ಪೊಟ್ಟಣ ಕಟ್ಟಿ ಉಪಕೇಂದ್ರಕ್ಕೆ ಕಳಿಸಿದರೆ ಸಂಜೆ ಲೈನ್ ಮನೆಗೆ ತಲುಪುತ್ತದೆ. ಬಿಪಿ ನೋಡದೆ ಎರಡು ತಿಂಗಳಿಗಿಂತ ಹೆಚ್ಚು ಹೀಗೆ ಕಳಿಸಬಾರದು. ಈ ಪಟ್ಟಿಯ ಒಂದು ಪ್ರತಿಯನ್ನು ದಾಸ್ತಾನು ವಹಿಯ ಒಳಗೆ ಅಂಟಿಸಿಡಬೇಕು. ಡಿಸೆಂಬರ್, ಜನವರಿಯಲ್ಲಿ ಖರ್ಚು ಇಳಿದದ್ದನ್ನು ನೋಡಿ ಮುಂದಿನ ವರ್ಷದ ಬೇಡಿಕೆ ಕಡಿತ ಮಾಡಲು ಹೊರಟವರಿಗೆ, ಮಾತ್ರೆ ಇತ್ತು, ಜನ ತೋಟದಲ್ಲಿದ್ದರು ಎಂದು ತೋರಿಸಲು ಬೇರೆ ದಾಖಲೆ ಇರುವುದಿಲ್ಲ.